ಹಳೆಯ ಹಿಪ್‌ಹಾಪ್ ರೆಕಾರ್ಡ್‌ಗೆ ಲಕ್ಷ ರೂಪಾಯಿ? ‘ಒರಿಜಿನಲ್ ಪ್ರೆಸ್ಸಿಂಗ್’ ಎಂದರೇನು, ಗುರುತಿಸುವುದು ಹೇಗೆ?

ಮಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬ ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ರೆಕಾರ್ಡ್ ಕೊಂಡ. ನ್ಯೂಯಾರ್ಕಿನ ರ್‍ಯಾಪರ್ ನಟೋರಿಯಸ್ ಬಿ.ಐ.ಜಿ.ಯ ಮೊದಲ ಆಲ್ಬಮ್ ‘ರೆಡಿ ಟು ಡೈ’. ಮಾರಿದವರು ‘1994ರ ಒರಿಜಿನಲ್ ಪ್ರೆಸ್ಸಿಂಗ್’ ಎಂದಿದ್ದರು. ಮುಖಪುಟದ ಫೋಟೋ ಕಳಿಸಿದ್ದರು. ಫೋಟೋ ಸರಿಯಾಗಿಯೇ ಇತ್ತು. ಅರ್ಧ ತಿಂಗಳ ಸಂಬಳ ಕೊಟ್ಟು ತರಿಸಿಕೊಂಡ.

ರೆಕಾರ್ಡ್ ಬಂದ ರಾತ್ರಿ ನನಗೆ ಫೋನ್. “ಮಾರಾಯ್ತಿ, ಹಾಡಿನಲ್ಲಿ ಏನೋ ಕಮ್ಮಿ ಉಂಟು. ಪ್ಲೇಟು ಹಾಳಾಗಿದೆಯೋ, ನನ್ನ ಕಿವಿ ಹಾಳಾಗಿದೆಯೋ ಗೊತ್ತಾಗ್ತಾ ಇಲ್ಲ.” ಆಲ್ಬಮ್ಮಿನ ಹೆಸರಿನದೇ ಹಾಡೊಂದು ಅದರಲ್ಲಿದೆ. ಅಣ್ಣನ ಹಳೆಯ ಸಿಡಿಯಲ್ಲಿ ಆ ಹಾಡನ್ನು ಕೇಳುತ್ತಾ ಬೆಳೆದವನು ಅವನು. ಅದರಲ್ಲಿ ಬರುತ್ತಿದ್ದ ತುತ್ತೂರಿಯ ತುಣುಕು ಈ ರೆಕಾರ್ಡಿನಲ್ಲಿ ಇರಲೇ ಇಲ್ಲ.

ಪ್ಲೇಟು ಹಾಳಾಗಿರಲಿಲ್ಲ. ಕಿವಿಯೂ ಸರಿಯಿತ್ತು. ರೆಕಾರ್ಡ್ 1994ರದ್ದಾಗಿರಲಿಲ್ಲ, ಅಷ್ಟೆ. ಅದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ ಒಂದು ನ್ಯಾಯಾಲಯದ ತೀರ್ಪು. ಆ ಕಥೆಗೆ ಆಮೇಲೆ ಬರುತ್ತೇನೆ.

ಅದೇ ಸಮಯಕ್ಕೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು: ಮನೆಯ ಅಟ್ಟದಲ್ಲಿ ಹಳೆಯ ರೆಕಾರ್ಡ್ ಇದ್ದರೆ ಗುಜರಿಗೆ ಹಾಕಬೇಡಿ, ವಿದೇಶದವರು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ, ಈ ನಂಬರಿಗೆ ಫೋಟೋ ಕಳಿಸಿ. ಇಂಥ ಮಾತುಗಳಲ್ಲಿ ಒಂದು ಚೂರು ನಿಜವೂ ಇರುತ್ತದೆ ಎನ್ನುವುದೇ ತೊಂದರೆ. ಕೆಲವು ರೆಕಾರ್ಡ್‌ಗಳಿಗೆ ನಿಜವಾಗಿಯೂ ದೊಡ್ಡ ಬೆಲೆಯಿದೆ. ಅಮೆರಿಕದ ಹಿಪ್‌ಹಾಪ್ ಆಲ್ಬಮ್‌ಗಳ ಮೊದಲ ಪ್ರತಿಗಳು ಆ ಗುಂಪಿಗೆ ಸೇರುತ್ತವೆ. ಆದರೆ ಬೆಲೆ ಬರುವುದು ಹಳೆಯದಾಗಿದ್ದಕ್ಕಲ್ಲ.

ಮೊದಲು ಸ್ವಲ್ಪ ಹಿನ್ನೆಲೆ

ಹಿಪ್‌ಹಾಪ್ ಹುಟ್ಟಿದ್ದೇ ರೆಕಾರ್ಡ್‌ಗಳಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಪಾರ್ಟಿ ಇಟ್ಟುಕೊಂಡಿದ್ದಳು. ಹಾಡು ಹಾಕಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡಿನ ನಡುವೆ ಬರೀ ಡ್ರಮ್ ಬರುವ ಜಾಗದಲ್ಲಿ ಜನ ಹೆಚ್ಚು ಕುಣಿಯುತ್ತಾರೆ ಎನ್ನುವುದನ್ನು ಅವನು ಗಮನಿಸಿದ್ದ. ಮುಂದೆ ಅವನು ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಅಕ್ಕಪಕ್ಕದ ಎರಡು ಟರ್ನ್‌ಟೇಬಲ್‌ಗಳಲ್ಲಿ ಇಟ್ಟು, ಆ ಕೆಲವೇ ಸೆಕೆಂಡುಗಳ ಡ್ರಮ್ಮನ್ನು ಮತ್ತೆ ಮತ್ತೆ ನುಡಿಸತೊಡಗಿದ. ತನ್ನ ಬಳಿ ಯಾವ ರೆಕಾರ್ಡ್ ಇದೆ ಎಂದು ಬೇರೆ ಡಿಜೆಗಳಿಗೆ ತಿಳಿಯದಿರಲಿ ಎಂದು ಲೇಬಲ್‌ಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ಇವತ್ತು ಲೇಬಲ್ ಕಿತ್ತ ಪ್ರತಿಯನ್ನು ಸಂಗ್ರಾಹಕರು ಮುಟ್ಟುವುದಿಲ್ಲ, ಅದು ಬೇರೆ ಮಾತು.

1980ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷಗಳ ಕಾಲವನ್ನು ಹಿಪ್‌ಹಾಪ್‌ನ ಸುವರ್ಣಯುಗ ಎನ್ನುತ್ತಾರೆ. ಎರಿಕ್ ಬಿ. ಮತ್ತು ರಕೀಮ್, ಪಬ್ಲಿಕ್ ಎನಿಮಿ, ಡಿ ಲಾ ಸೋಲ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ವು-ಟ್ಯಾಂಗ್ ಕ್ಲ್ಯಾನ್, ನ್ಯಾಸ್ ಎಲ್ಲರ ದೊಡ್ಡ ಆಲ್ಬಮ್‌ಗಳು ಬಂದದ್ದು ಆಗ. ಹಳೆಯ ಹಾಡುಗಳಿಂದ ಚೂರುಗಳನ್ನು ಕತ್ತರಿಸಿ, ಜೋಡಿಸಿ ಹೊಸ ಹಾಡು ಕಟ್ಟುವುದು ಇವರ ಪದ್ಧತಿ. ಆ ಚೂರಿಗೆ ‘ಸ್ಯಾಂಪಲ್’ ಎಂದು ಹೆಸರು. ಅಜ್ಜಿ ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿದ ಹಾಗೆ ಎಂದುಕೊಳ್ಳಿ.

‘ಒರಿಜಿನಲ್ ಪ್ರೆಸ್ಸಿಂಗ್’ ಎಂದರೆ ನಿಜಕ್ಕೂ ಏನು?

ಪುಸ್ತಕಕ್ಕೆ ಮೊದಲ ಮುದ್ರಣ, ಎರಡನೇ ಮುದ್ರಣ ಇರುವಂತೆ ರೆಕಾರ್ಡಿಗೂ ಇದೆ. ಆಲ್ಬಮ್ ಬಿಡುಗಡೆಯಾದಾಗ ಕಂಪನಿ ಒತ್ತಿಸಿದ ಮೊದಲ ಕಂತು ಒರಿಜಿನಲ್ ಪ್ರೆಸ್ಸಿಂಗ್. ಹತ್ತು ಅಥವಾ ಮೂವತ್ತು ವರ್ಷ ಬಿಟ್ಟು ಅದೇ ಕಂಪನಿ ಮತ್ತೆ ಒತ್ತಿಸಿದರೆ ಅದು ಮರುಮುದ್ರಣ. ಯಾರೋ ಕದ್ದು ಒತ್ತಿಸಿದರೆ ಬೂಟ್‌ಲೆಗ್. ಮರುಮುದ್ರಣ ಮೋಸವಲ್ಲ, ಕಾನೂನುಬದ್ಧ ವಸ್ತು. ಮರುಮುದ್ರಣವನ್ನು ಒರಿಜಿನಲ್ ಎಂದು ಮಾರುವುದು ಮೋಸ. ನನ್ನ ಗೆಳೆಯನಿಗೆ ಆದದ್ದು ಇದು.

ವ್ಯತ್ಯಾಸ ಹಿಡಿಯಬೇಕಾದರೆ ರೆಕಾರ್ಡ್ ತಯಾರಾಗುವ ರೀತಿ ಸ್ವಲ್ಪ ತಿಳಿದಿರಬೇಕು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆತ್ತಗಿನ ಲ್ಯಾಕರ್ ಲೇಪ ಇರುತ್ತದೆ. ಅದರ ಮೇಲೆ ಯಂತ್ರದ ಸೂಜಿ ಸುರುಳಿಯಾಗಿ ಒಂದೇ ಒಂದು ಗೆರೆ ಕೊರೆಯುತ್ತಾ ಹೋಗುತ್ತದೆ. ಹಾಡಿನ ಕಂಪನವೆಲ್ಲ ಆ ಗೆರೆಯ ಓರೆಕೋರೆಗಳಲ್ಲಿ ಉಳಿಯುತ್ತದೆ. ಆಮೇಲೆ ಅದಕ್ಕೆ ಬೆಳ್ಳಿಯ ತೆಳು ಪದರ ಹಾಯಿಸಿ, ವಿದ್ಯುತ್ತಿನ ಮೂಲಕ ನಿಕಲ್ ಲೇಪಿಸಿ ಲೋಹದ ಪಡಿಯಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಮತ್ತೊಂದು, ಅದರಿಂದ ಇನ್ನೊಂದು, ಹೀಗೆ ಕೊನೆಗೆ ಸಿಗುವುದು ‘ಸ್ಟ್ಯಾಂಪರ್’. ಬಿಸಿಯಾದ ಪಿವಿಸಿ ಉಂಡೆಯನ್ನು ಎರಡು ಸ್ಟ್ಯಾಂಪರ್‌ಗಳ ನಡುವೆ ಇಟ್ಟು ಒತ್ತಿದರೆ ರೆಕಾರ್ಡ್. ಚಪಾತಿ ಒತ್ತುವ ಯಂತ್ರ ನೋಡಿದ್ದರೆ ಅರ್ಥವಾಗುತ್ತದೆ. ಒಂದು ಸ್ಟ್ಯಾಂಪರ್ ಸುಮಾರು ಸಾವಿರ ಪ್ರತಿ ಒತ್ತುವ ಹೊತ್ತಿಗೆ ಸವೆಯುತ್ತದೆ, ಹೊಸದು ಬೇಕಾಗುತ್ತದೆ.

ನಮಗೆ ಬೇಕಾದ ಸುಳಿವು ಹುಟ್ಟುವುದು ಇಲ್ಲೇ. ಲ್ಯಾಕರ್ ಕೊರೆಯುವ ಎಂಜಿನಿಯರ್ ಹಾಡು ಮುಗಿದ ಮೇಲೆ, ಕೊನೆಯ ಗೆರೆಗೂ ನಡುವಿನ ಕಾಗದದ ಲೇಬಲ್‌ಗೂ ಮಧ್ಯೆ ಉಳಿಯುವ ಖಾಲಿ ಪಟ್ಟಿಯಲ್ಲಿ ಒಂದು ಸಂಖ್ಯೆ ಗೀಚುತ್ತಾನೆ. ಸಂಗ್ರಾಹಕರು ಆ ಪಟ್ಟಿಯನ್ನು ‘ಡೆಡ್ ವ್ಯಾಕ್ಸ್’ ಎನ್ನುತ್ತಾರೆ. ಲ್ಯಾಕರ್ ಮೇಲೆ ಗೀಚಿದ್ದು ಸ್ಟ್ಯಾಂಪರ್‌ಗೆ ಹೋಗುತ್ತದೆ, ಸ್ಟ್ಯಾಂಪರ್‌ನಿಂದ ಪ್ರತಿ ರೆಕಾರ್ಡಿಗೂ ಬರುತ್ತದೆ. ಆಲ್ಬಮ್ಮಿನ ಸಂಖ್ಯೆ, ಯಾವ ಬದಿ, ಎಷ್ಟನೇ ಸಲ ಕೊರೆದದ್ದು ಎಂಬ ವಿವರ ಅದರಲ್ಲಿರುತ್ತದೆ. ಎಷ್ಟೋ ಸಲ ಕೊರೆದ ಸ್ಟುಡಿಯೋದ ಮುದ್ರೆ (ನ್ಯೂಯಾರ್ಕಿನ ‘ಸ್ಟರ್ಲಿಂಗ್’ ಅಥವಾ ‘ಮಾಸ್ಟರ್‌ಡಿಸ್ಕ್’), ಒತ್ತಿದ ಕಾರ್ಖಾನೆಯ ಗುರುತು, ಎಂಜಿನಿಯರನ ಸಹಿಯೂ ಇರುತ್ತದೆ. ಹರ್ಬ್ ಪವರ್ಸ್ ಜೂನಿಯರ್ ಎಂಬ ಎಂಜಿನಿಯರ್ ತನ್ನ ಹೆಸರಿನ ಪಕ್ಕ ಒಂದು ನಗುಮುಖ ಕೆತ್ತುತ್ತಿದ್ದ. ನಮ್ಮ ಫೋನುಗಳಲ್ಲಿ ಇಮೋಜಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು!

ಮುಖಪುಟವನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಮುದ್ರಿಸಬಹುದು, ಲೇಬಲ್ ಕೂಡ. ಹೊಸ ಲ್ಯಾಕರ್ ಕೊರೆದು ಒತ್ತಿದ ಪ್ರತಿಯಲ್ಲಿ ಮಾತ್ರ ಹಳೆಯ ಗೀಚು ತಾನಾಗಿ ಬರುವುದಿಲ್ಲ. ಕೈಬರಹ ಬದಲಾಗಿರುತ್ತದೆ, ಇಲ್ಲವೇ ಸ್ಟುಡಿಯೋ ಮುದ್ರೆ ಇರುವುದಿಲ್ಲ, ಎಷ್ಟೋ ಸಲ ಸಂಖ್ಯೆಯೇ ಬೇರೆ. 2000ರಲ್ಲಿ ಅಮೆರಿಕದಲ್ಲಿ ಶುರುವಾದ ‘ಡಿಸ್ಕಾಗ್ಸ್’ ಎಂಬ ಜಾಲತಾಣದಲ್ಲಿ ಸಂಗ್ರಾಹಕರು ಒಂದೊಂದು ಪ್ರೆಸ್ಸಿಂಗ್‌ನ ಡೆಡ್ ವ್ಯಾಕ್ಸ್ ಬರಹವನ್ನೂ ಅಕ್ಷರ ಬಿಡದೆ ದಾಖಲಿಸಿಟ್ಟಿದ್ದಾರೆ. ನೋಡಲು ದುಡ್ಡು ಕೊಡಬೇಕಿಲ್ಲ.

ಗೆಳೆಯನ ಪ್ರತಿಯ ಸಂಖ್ಯೆಯನ್ನು ಅಲ್ಲಿ ಹಾಕಿ ನೋಡಿದೆವು. ಬಂದದ್ದು ಇತ್ತೀಚಿನ ಮರುಮುದ್ರಣ.

ತುತ್ತೂರಿ ಎಲ್ಲಿ ಹೋಯಿತು?

ಈಗ ಆ ತೀರ್ಪಿನ ವಿಷಯ. ‘ರೆಡಿ ಟು ಡೈ’ 1994ರ ಸೆಪ್ಟೆಂಬರಿನಲ್ಲಿ ಬಂತು. ಶೀರ್ಷಿಕೆ ಹಾಡಿನಲ್ಲಿ ಓಹಾಯೊ ಪ್ಲೇಯರ್ಸ್ ಎಂಬ ಫಂಕ್ ತಂಡದ 1970ರ ದಶಕದ ಹಾಡೊಂದರ ತುತ್ತೂರಿಯ ಚೂರು ಇತ್ತು. ಹಾಡಿನ ಹಕ್ಕು ಹೊಂದಿದ್ದ ಕಂಪನಿಗಳು ಅನುಮತಿ ಪಡೆದಿಲ್ಲ ಎಂದು ಮೊಕದ್ದಮೆ ಹೂಡಿದವು. 2006ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನ ಜ್ಯೂರಿ 40 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು, ನ್ಯಾಯಾಧೀಶರು ಮಾರಾಟ ನಿಲ್ಲಿಸಿದರು. ದಂಡರೂಪದ ಮೊತ್ತ ಅತಿಯಾಯಿತು ಎಂದು ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಹೇಳಿತು. ಆದರೆ ತುತ್ತೂರಿ ವಾಪಸ್ ಬರಲಿಲ್ಲ. ಆ ಬಳಿಕ ಮಾರಾಟವಾದ ಆವೃತ್ತಿಯಲ್ಲಿ ಆ ಚೂರನ್ನು ತೆಗೆದುಹಾಕಲಾಯಿತು.

ಹಾಗಾಗಿ ಆ ತುತ್ತೂರಿ ಇಲ್ಲದ ಪ್ರತಿ 1994ರದ್ದಾಗಿರಲು ಸಾಧ್ಯವಿಲ್ಲ. ಒಂದು ಎಚ್ಚರಿಕೆ: ಇದನ್ನು ತಿರುಗಿಸಿ ಹೇಳುವಂತಿಲ್ಲ. ತುತ್ತೂರಿ ಇದ್ದ ಮಾತ್ರಕ್ಕೆ ಪ್ರತಿ ಒರಿಜಿನಲ್ ಆಗುವುದಿಲ್ಲ. ಹಳೆಯ ಸಿಡಿಯಿಂದ ನಕಲು ಮಾಡಿದ ಬೂಟ್‌ಲೆಗ್‌ನಲ್ಲೂ ಅದು ಕೇಳಿಸುತ್ತದೆ.

ಈ ರೆಕಾರ್ಡ್‌ಗಳ ಹಿಂದೆ ಜನ ಯಾಕೆ ಬೀಳುತ್ತಾರೆ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರವೂ ಇದೇ. ಹೊರಗಿನಿಂದ ನೋಡಿದರೆ ಶೋಕಿಯಂತೆ ಕಾಣುತ್ತದೆ, ಕೆಲವರ ಮಟ್ಟಿಗೆ ಶೋಕಿಯೇ. ಆದರೆ ಇಲ್ಲಿ ಹಾಡಿನ ಮೂಲರೂಪವೇ ಕಾನೂನಿನ ಕೈಯಿಂದ ಅಳಿಸಿಹೋಗಿರಬಹುದು. ಆಗ ಮೊದಲ ಪ್ರತಿ ದಾಖಲೆಯಾಗುತ್ತದೆ.

ಇನ್ನೂ ಕಠಿಣವಾದ ಪ್ರಕರಣ ಬಿಜ್ ಮಾರ್ಕಿಯದ್ದು. ತಮಾಷೆಯ ಹಾಡುಗಾರ ಎಂದೇ ಹೆಸರಾದ ಈತ 1991ರ ‘ಐ ನೀಡ್ ಎ ಹೇರ್‌ಕಟ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ಗಿಲ್ಬರ್ಟ್ ಓ’ಸಲಿವನ್ ಎಂಬ ಗಾಯಕನ ಜನಪ್ರಿಯ ಹಾಡಿನ ತುಣುಕು ಬಳಸಿದ್ದ. ಅನುಮತಿ ಕೇಳಿದ್ದರು, ಸಿಕ್ಕಿರಲಿಲ್ಲ, ಆದರೂ ಆಲ್ಬಮ್ ಬಿಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ ತೀರ್ಪು ಕೊಟ್ಟರು. ಅದನ್ನು ಅವರು ಆರಂಭಿಸಿದ್ದೇ ಕದಿಯಬಾರದೆಂಬ ಬೈಬಲ್‌ನ ಆಜ್ಞೆಯಿಂದ. ಕ್ರಿಮಿನಲ್ ವಿಚಾರಣೆ ನಡೆಸಬಹುದೇ ನೋಡಿ ಎಂದು ಸರ್ಕಾರಿ ವಕೀಲರಿಗೂ ಕಡತ ಕಳಿಸಿದರು. ಆಲ್ಬಮ್ಮನ್ನು ಅಂಗಡಿಗಳಿಂದ ವಾಪಸ್ ಪಡೆಯಲಾಯಿತು. ನಂತರ ಬಂದ ಆವೃತ್ತಿಗಳಲ್ಲಿ ಆ ಹಾಡೇ ಇಲ್ಲ. ಆಗ ಅಂಗಡಿಯಿಂದ ಮನೆಗೆ ಹೋಗಿದ್ದ ಪ್ರತಿಗಳಲ್ಲಿ ಮಾತ್ರ ಉಳಿದಿದೆ.

ಆ ತೀರ್ಪಿನ ನಂತರ ಪ್ರತಿ ಚೂರಿಗೂ ಮೊದಲೇ ಅನುಮತಿ, ಮೊದಲೇ ಹಣ. ಹತ್ತಾರು ಚೂರು ಸೇರಿಸಿ ಒಂದು ಹಾಡು ಕಟ್ಟುವ ಶೈಲಿ ದುಡ್ಡಿದ್ದವರಿಗೂ ಕಷ್ಟವಾಯಿತು. ಪಬ್ಲಿಕ್ ಎನಿಮಿಯ 1988ರ ಆಲ್ಬಮ್ ಕೇಳಿ, ಆಮೇಲೆ ಅವರದೇ ತೊಂಬತ್ತರ ದಶಕದ ನಡುವಿನ ಆಲ್ಬಮ್ ಕೇಳಿ. ಯಾರೂ ವಿವರಿಸುವುದು ಬೇಡ, ಕಿವಿಗೇ ಗೊತ್ತಾಗುತ್ತದೆ.

ಡಿ ಲಾ ಸೋಲ್ ತಂಡದ ಕಥೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. 1989ರ ಅವರ ‘3 ಫೀಟ್ ಹೈ ಆ್ಯಂಡ್ ರೈಸಿಂಗ್’ ಅನ್ನು ಆ ಕಾಲದ ಶ್ರೇಷ್ಠ ಆಲ್ಬಮ್‌ಗಳಲ್ಲಿ ಎಣಿಸುತ್ತಾರೆ. ಅದರಲ್ಲಿ ಚೂರುಗಳು ಎಷ್ಟಿವೆಯೆಂದರೆ, ಹಾಡುಗಳು ಇಂಟರ್ನೆಟ್‌ಗೆ ಬರುವ ಕಾಲಕ್ಕೆ ಹಕ್ಕುಗಳ ಗೋಜಲು ಬಿಡಿಸಲಾಗದೆ ಹಲವು ವರ್ಷ ಯಾವ ಆ್ಯಪ್‌ನಲ್ಲೂ ಅದು ಸಿಗಲಿಲ್ಲ. ಕೊನೆಗೆ ಬಂದದ್ದು 2023ರ ಮಾರ್ಚ್ 3ರಂದು. ತಂಡದ ಮೂವರಲ್ಲಿ ಒಬ್ಬನಾದ ಡೇವಿಡ್ ಜೋಲಿಕೋರ್ ಅದಕ್ಕೆ ಮೂರು ವಾರ ಮೊದಲು ತೀರಿಕೊಂಡಿದ್ದ.

ಹಾಗೆಂದು ಹಕ್ಕು ಕೇಳಿದವರೆಲ್ಲ ಖಳನಾಯಕರು ಎಂದು ಬರೆಯಲು ನನಗೆ ಮನಸ್ಸಿಲ್ಲ. 1969ರಲ್ಲಿ ‘ದ ವಿನ್‌ಸ್ಟನ್ಸ್’ ತಂಡದ ಗ್ರೆಗರಿ ಕೋಲ್‌ಮನ್ ನುಡಿಸಿದ ಸುಮಾರು ಆರು ಸೆಕೆಂಡಿನ ಡ್ರಮ್ ಸಾವಿರಾರು ಹಾಡುಗಳಿಗೆ ಬೆನ್ನೆಲುಬಾಯಿತು. 2006ರಲ್ಲಿ ಸಾಯುವವರೆಗೂ ಅವನಿಗೆ ಅದರಿಂದ ರಾಯಲ್ಟಿ ಸಿಗಲಿಲ್ಲ. ನಮ್ಮ ದೇಶದ ಉದಾಹರಣೆಯೂ ಇದೆ. ಸುವರ್ಣಯುಗ ಮುಗಿದ ಮೇಲೆ, 2002ರಲ್ಲಿ, ಅಮೆರಿಕದ ಗಾಯಕಿ ಟ್ರೂತ್ ಹರ್ಟ್ಸ್ ಹಾಡಿದ ‘ಅಡಿಕ್ಟಿವ್’ ಅಲ್ಲಿ ಭಾರಿ ಜನಪ್ರಿಯವಾಯಿತು. ಅದರಲ್ಲಿ ಹಿಂದೆ ಕೇಳುವುದು ಲತಾ ಮಂಗೇಶ್ಕರ್ ದನಿ. 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಾಹಿರಿ ಮಾಡಿದ ಹಾಡು. ಹೆಸರು ಹಾಕದೆ ಬಳಸಿದ್ದರು. ಲಾಹಿರಿ ಹೆಸರು ಸೇರಿಸುವವರೆಗೆ ಮಾರಬಾರದು ಎಂದು ಅಮೆರಿಕದ ನ್ಯಾಯಾಲಯವೇ ಹೇಳಬೇಕಾಯಿತು.

ತೊಂಬತ್ತರ ದಶಕದ ರೆಕಾರ್ಡ್ ಎಂಬತ್ತರದಕ್ಕಿಂತ ಅಪರೂಪ, ಯಾಕೆ?

ಹಳೆಯದಾದಷ್ಟೂ ಅಪರೂಪ ಎಂದು ನಾವು ಲೆಕ್ಕ ಹಾಕುತ್ತೇವೆ. ಇಲ್ಲಿ ಆ ಲೆಕ್ಕ ಉಲ್ಟಾ ಆಗಬಹುದು. 1978ರಲ್ಲಿ ಅಮೆರಿಕದ ಕಂಪನಿಗಳು ಸುಮಾರು 34 ಕೋಟಿ ಎಲ್‌ಪಿಗಳನ್ನು ಅಂಗಡಿಗೆ ಕಳಿಸಿದ್ದವು. 1988ರ ಹೊತ್ತಿಗೆ ಸಿಡಿ ಎಲ್‌ಪಿಯನ್ನು ಹಿಂದಿಕ್ಕಿತು. 1993ಕ್ಕೆ ಎಲ್‌ಪಿ ಸಂಖ್ಯೆ ಇಡೀ ದೇಶಕ್ಕೆ ಸುಮಾರು 12 ಲಕ್ಷಕ್ಕೆ ಕುಸಿದಿತ್ತು. ವು-ಟ್ಯಾಂಗ್ ಕ್ಲ್ಯಾನ್‌ನ ಮೊದಲ ಆಲ್ಬಮ್ ಮತ್ತು ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ‘ಮಿಡ್‌ನೈಟ್ ಮರಾಡರ್ಸ್’, ಎರಡೂ ಬಿಡುಗಡೆಯಾದದ್ದು ಅದೇ 1993ರ ನವೆಂಬರ್ 9ರಂದು. ಜನ ಅವನ್ನು ಕೊಂಡದ್ದು ಬಹುಪಾಲು ಸಿಡಿ, ಕ್ಯಾಸೆಟ್‌ಗಳಲ್ಲಿ. ರೆಕಾರ್ಡ್ ಮುಖ್ಯವಾಗಿ ಡಿಜೆಗಳಿಗೆ ಬೇಕಿತ್ತು, ಒತ್ತಿದ್ದೂ ಕಡಿಮೆ. ಡಿಜೆಗಳು ಅವನ್ನು ಶೋಕೇಸಿನಲ್ಲಿ ಇಡಲಿಲ್ಲ, ಬೆರಳಿನಿಂದ ಹಿಂದೆಮುಂದೆ ಉಜ್ಜಿ ‘ಸ್ಕ್ರ್ಯಾಚ್’ ಮಾಡಿದರು. ಹೀಗೆ ಇದ್ದವೇ ಕೆಲವು, ಅವುಗಳಲ್ಲಿ ಸವೆಯದೆ ಉಳಿದವು ಇನ್ನೂ ಕೆಲವು. 2022ರಲ್ಲಿ ಅದೇ ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ವಿನೈಲ್ ರೆಕಾರ್ಡ್‌ಗಳು ಮಾರಾಟವಾದವು, ಸಿಡಿಗಿಂತ ಹೆಚ್ಚು. ಕೊಳ್ಳುವವರು ಹೆಚ್ಚಾದರು, 1993ರ ಪ್ರತಿಗಳು ಹೆಚ್ಚಾಗಲಿಲ್ಲ.

ಬಿಡುಗಡೆಯೇ ಆಗದ ಆಲ್ಬಮ್‌ಗಳೂ ಇವೆ. ಮುಂದೆ ಎಂಎಫ್ ಡೂಮ್ ಎಂದು ಹೆಸರಾದ ರ್‍ಯಾಪರ್ ತನ್ನ ತಮ್ಮನೊಂದಿಗೆ ಕೆಎಂಡಿ ಎಂಬ ತಂಡ ಕಟ್ಟಿದ್ದ. 1993ರಲ್ಲಿ ತಮ್ಮ ರಸ್ತೆ ಅಪಘಾತದಲ್ಲಿ ಸತ್ತ. ಮುಂದಿನ ವರ್ಷ, ಮುಖಪುಟದ ಚಿತ್ರದ ಗಲಾಟೆಯಿಂದ ಕಂಪನಿ ಅವರ ಎರಡನೇ ಆಲ್ಬಮ್ಮನ್ನೇ ಕೈಬಿಟ್ಟಿತು. ಅಧಿಕೃತವಾಗಿ ಹೊರಬರುವವರೆಗೆ ಅದು ಕದ್ದ ಪ್ರತಿಗಳಲ್ಲೇ ಓಡಾಡಿತು. ಬೂಟ್‌ಲೆಗ್ ಎಂದರೆ ಮೂಗು ಮುರಿಯುವ ಸಂಗ್ರಾಹಕರೂ ಇಂಥ ಕಡೆ ಸುಮ್ಮನಾಗುತ್ತಾರೆ.

ಒರಿಜಿನಲ್ ಪ್ರತಿಯಲ್ಲಿ ಧ್ವನಿ ಚೆನ್ನಾಗಿರುತ್ತದೆಯೇ?

ಯಾವಾಗಲೂ ಅಲ್ಲ. ನಾನು ಓದಿದ್ದು ಸಂವಹನ, ಭೌತಶಾಸ್ತ್ರವಲ್ಲ. ಆದರೆ ಈ ಲೆಕ್ಕಕ್ಕೆ ಹೈಸ್ಕೂಲ್ ಗಣಿತ ಸಾಕು.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿ ವ್ಯಾಸ ಸುಮಾರು 29 ಸೆಂ.ಮೀ., ಅಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋಗುತ್ತದೆ. ಕೊನೆಯ ಹಾಡಿನ ಹೊತ್ತಿಗೆ ವ್ಯಾಸ 12 ಸೆಂ.ಮೀ. ಸಮೀಪ, ಆಗ ಹಾಯುವುದು 21 ಸೆಂ.ಮೀ. ಮಾತ್ರ. ಅದೇ ಒಂದು ಸೆಕೆಂಡಿನ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಒಳಗೆ ಹೋದಂತೆ ಧ್ವನಿ ಸ್ವಲ್ಪ ಒರಟಾಗುವುದು ಇದಕ್ಕೇ.

ಇನ್ನೊಂದು ಮಿತಿ ಜಾಗದ್ದು. ಬಾಸ್ ದೊಡ್ಡದಾದಷ್ಟೂ ಗೆರೆ ಅಗಲವಾಗಿ ಓಲಾಡುತ್ತದೆ. ಒಂದು ಬದಿಯಲ್ಲಿ ಸುಮಾರು 20ರಿಂದ 22 ನಿಮಿಷ ಹಾಕಿದರೆ ಆರಾಮ. ಅದಕ್ಕಿಂತ ಹೆಚ್ಚಾದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅಂದರೆ ಧ್ವನಿಯನ್ನೂ ಬಾಸನ್ನೂ ತಗ್ಗಿಸಬೇಕು. ನ್ಯಾಸ್‌ನ ‘ಇಲ್‌ಮ್ಯಾಟಿಕ್’ 40 ನಿಮಿಷದೊಳಗೆ ಮುಗಿಯುತ್ತದೆ, ಒಂದು ಎಲ್‌ಪಿಗೆ ಹೇಳಿ ಮಾಡಿಸಿದಂತಿದೆ. ಪಬ್ಲಿಕ್ ಎನಿಮಿಯ ‘ಇಟ್ ಟೇಕ್ಸ್ ಎ ನೇಶನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’ ಸುಮಾರು 58 ನಿಮಿಷ. 1988ರಲ್ಲಿ ಅದನ್ನೂ ಒಂದೇ ಎಲ್‌ಪಿಯಲ್ಲಿ ತುಂಬಿದರು. ಬದಿಗೆ 29 ನಿಮಿಷ! ಇಂಥ ಉದ್ದದ ಆಲ್ಬಮ್ಮನ್ನು ಎರಡು ಎಲ್‌ಪಿಗಳಿಗೆ ಹಂಚಿ ಚೆನ್ನಾಗಿ ಕೊರೆದ ಮರುಮುದ್ರಣ ಸಿಕ್ಕರೆ, ಕೇಳುವುದಕ್ಕೆ ಅದೇ ಮೇಲು.

‘ಅನಲಾಗ್ ಶುದ್ಧತೆ’ ಎಂಬ ಮಾತೂ ಇಲ್ಲಿ ಸ್ವಲ್ಪ ನಗು ತರಿಸುತ್ತದೆ. ಸುವರ್ಣಯುಗದ ಎಷ್ಟೋ ಹಾಡು ಕಟ್ಟಿದ್ದು 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರದಲ್ಲಿ. ಅದು ಡಿಜಿಟಲ್, ಅದರಲ್ಲೂ 12 ಬಿಟ್, ಸಿಡಿಯ 16 ಬಿಟ್‌ಗಿಂತ ಕಡಿಮೆ. ಅದರಲ್ಲಿ ಹಿಡಿಯುತ್ತಿದ್ದದ್ದು ಒಟ್ಟು 10 ಸೆಕೆಂಡು ಧ್ವನಿ. ಜಾಗ ಉಳಿಸಲು ನಿರ್ಮಾಪಕರು 33ರ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನಗೊಳಿಸುತ್ತಿದ್ದರು. ಆ ಹಾಡುಗಳಲ್ಲಿ ಕೇಳುವ ಮರಳು ಮರಳಾದ ದನಿ ಬಂದದ್ದು ಈ ಬಡತನದಿಂದ. ಅದು ಒರಿಜಿನಲ್ ರೆಕಾರ್ಡಿನಲ್ಲೂ ಇದೆ, ಫೋನಿನಲ್ಲೂ ಇದೆ.

‘180 ಗ್ರಾಂ ಭಾರವಿದೆ, ಹಾಗಾಗಿ ಧ್ವನಿ ಉತ್ತಮ’ ಎಂಬ ಜಾಹೀರಾತೂ ಅಷ್ಟೆ. ದಪ್ಪ ರೆಕಾರ್ಡ್ ಸುಲಭಕ್ಕೆ ಬಾಗುವುದಿಲ್ಲ. ಗೆರೆಯ ಆಳ ಅಗಲ ತೂಕದಿಂದ ಬದಲಾಗುವುದಿಲ್ಲ.

ಬೆಲೆಯ ಸುದ್ದಿಗಳನ್ನು ಓದುವ ಬಗೆ

ವು-ಟ್ಯಾಂಗ್ ಕ್ಲ್ಯಾನ್ ಒಂದೇ ಒಂದು ಪ್ರತಿ ಮಾಡಿದ ಆಲ್ಬಮ್ 2015ರಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದದ್ದು ನಿಜ. ಆದರೆ ಅದು ವಿನೈಲ್ ಅಲ್ಲ, ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟ ಸಿಡಿ. 1983ರ ‘ಬೀಟ್ ಬಾಪ್’ ಎಂಬ ರೆಕಾರ್ಡಿಗೂ ಹರಾಜಿನಲ್ಲಿ ಭಾರಿ ಬೆಲೆ ಸಿಕ್ಕಿದೆ. ಅದಕ್ಕೆ ಮುಖ್ಯ ಕಾರಣ ಮುಖಪುಟ ಬರೆದದ್ದು ಚಿತ್ರಕಲಾವಿದ ಜಾನ್-ಮಿಶೆಲ್ ಬಾಸ್ಕಿಯಾ, ಒತ್ತಿದ್ದೇ 500ರಷ್ಟು ಪ್ರತಿ. ಇಂಥ ಎರಡು ಸುದ್ದಿ ತೋರಿಸಿ ನಿಮ್ಮ ಅಟ್ಟದ ರೆಕಾರ್ಡಿಗೂ ಅದೇ ಬೆಲೆ ಎನ್ನುವುದು, ರವಿವರ್ಮನ ಚಿತ್ರ ಕೋಟಿಗೆ ಹೋಯಿತು ಎಂದು ಕ್ಯಾಲೆಂಡರ್ ಮಾರಲು ಹೊರಟಂತೆ.

ಯಾರೋ ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಡಿಸ್ಕಾಗ್ಸ್‌ನಲ್ಲಿ ಎರಡನೆಯದೂ ಸಿಗುತ್ತದೆ, ಅದನ್ನೇ ನೋಡಿ. ಗುಣಮಟ್ಟದ ಪದಗಳೂ ದಾರಿ ತಪ್ಪಿಸುತ್ತವೆ. ಈ ವ್ಯಾಪಾರದಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ. ಸೂಜಿ ಹಾರದೆ ಹಾಡೀತು, ಆದರೆ ಉದ್ದಕ್ಕೂ ಚಟಪಟ ಸದ್ದು ಎಂದರ್ಥ. ‘ವೆರಿ ಗುಡ್’ನಲ್ಲೂ ಸದ್ದು ಕೇಳುತ್ತದೆ. ನಿಜಕ್ಕೂ ಚೆನ್ನಾಗಿರುವುದಕ್ಕೆ ‘ವಿಜಿ ಪ್ಲಸ್’, ‘ನಿಯರ್ ಮಿಂಟ್’ ಎನ್ನುತ್ತಾರೆ.

ಫೋಟೋ ಕಳಿಸಿ, ನಾವೇ ಕೊಳ್ಳುತ್ತೇವೆ ಎನ್ನುವ ಫಾರ್ವರ್ಡ್‌ಗಳ ಆಟ ಬೇರೆಯೇ. ಹಳೆಯ ನೋಟು, ನಾಣ್ಯಗಳ ವಿಷಯದಲ್ಲಿ ನಾವು ಇದನ್ನು ಕಂಡಿದ್ದೇವೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ, ತನ್ನ ಹೆಸರು ಮತ್ತು ಲಾಂಛನ ಬಳಸಿ ಹಳೆಯ ನೋಟು ನಾಣ್ಯ ಮಾರಾಟಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುತ್ತಿರುವವರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ವಸ್ತು ಕೊಳ್ಳಲು ಬಂದವರು ನಿಮ್ಮಿಂದಲೇ ಮುಂಗಡ ಕೇಳಿದರೆ, ವಸ್ತು ರೆಕಾರ್ಡ್ ಆಗಲಿ ನಾಣ್ಯವಾಗಲಿ, ಮಾತು ಅಲ್ಲಿಗೇ ನಿಲ್ಲಿಸಿ.

ಮನೆಯಲ್ಲಿ ರೆಕಾರ್ಡ್ ಇದ್ದರೆ

ನಮ್ಮ ಅಟ್ಟಗಳಲ್ಲಿ ಅಮೆರಿಕದ ಹಿಪ್‌ಹಾಪ್ ಸಿಗುವುದು ಕಷ್ಟ. ಸಿಗುವುದು ಹಾಡು, ನಾಟಕಗಳ 78 ಆರ್‌ಪಿಎಂ ಪ್ಲೇಟು, ಇಲ್ಲವೇ ಸಿನಿಮಾ ಹಾಡಿನ ಎಲ್‌ಪಿ. ಎರಡೂ ಒಂದೇ ಅಲ್ಲ. 78ರ ಪ್ಲೇಟುಗಳಲ್ಲಿ ಬಹುಪಾಲು ಅರಗಿನಿಂದ ಮಾಡಿದ್ದು, ಬಿದ್ದರೆ ಒಡೆಯುತ್ತದೆ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಿದರೆ ಅರಗು ಕರಗಿ ಪ್ಲೇಟು ಕೈಬಿಡುತ್ತದೆ. ಎಲ್‌ಪಿ ಪ್ಲಾಸ್ಟಿಕ್, ಒಡೆಯುವ ಬದಲು ಬಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಹಪ್ಪಳದಂತಾಗುತ್ತದೆ. ಅಜ್ಜನ ಕೀ ಕೊಡುವ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಿ ರೀಲ್ಸ್ ಮಾಡಬೇಡಿ. ಅದರ ಉಕ್ಕಿನ ಸೂಜಿ, ಭಾರದ ತೋಳು ಒಂದೇ ಸಲಕ್ಕೆ ಗೆರೆಗಳನ್ನು ಕೆರೆದುಬಿಡುತ್ತದೆ.

ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ದೊಡ್ಡ ಶತ್ರು ಬೂಷ್ಟು. ಅದು ಹೊದಿಕೆಯ ಕಾಗದದಲ್ಲಿ ಶುರುವಾಗಿ ಗೆರೆಗೆ ಇಳಿಯುತ್ತದೆ. ಮರಗೆಲಸದ ಬಿಳಿ ಅಂಟು ಸುರಿದು, ಒಣಗಿದ ಮೇಲೆ ಸುಲಿದರೆ ಕೊಳೆ ಹೋಗುತ್ತದೆ ಎಂಬ ವಿಡಿಯೋಗಳಿವೆ. ಎಲ್‌ಪಿಯಲ್ಲಿ ಅದು ಕೆಲಸ ಮಾಡುವುದುಂಟು. ಆದರೆ ತೆಳ್ಳಗೆ ಹಚ್ಚಿದ ಕಡೆ ಅಂಟು ಹರಿದು ಗೆರೆಯಲ್ಲೇ ಉಳಿಯಬಹುದು. ಡಿಸ್ಟಿಲ್ಡ್ ವಾಟರ್, ಮೆತ್ತಗಿನ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಒರೆಸುವುದು, ಇಷ್ಟು ಸಾಕು.

ನನ್ನ ಗೆಳೆಯನ ದುಡ್ಡು ವಾಪಸ್ ಬರಲಿಲ್ಲ. ಮಾರಿದವರು ಉತ್ತರಿಸುವುದನ್ನೇ ಬಿಟ್ಟರು. ರೆಕಾರ್ಡ್ ಅವನ ಹತ್ತಿರವೇ ಇದೆ, ಕೇಳುತ್ತಾನೆ ಕೂಡ.

ಹೋದ ತಿಂಗಳು ಅವನ ಕಣ್ಣು ಬಿಜ್ ಮಾರ್ಕಿಯ 1991ರ ಆಲ್ಬಮ್ಮಿನ ಪ್ರತಿಯೊಂದರ ಮೇಲೆ ಬಿತ್ತು. ಈ ಸಲ ಮುಖಪುಟದ ಫೋಟೋ ಕೇಳಲಿಲ್ಲ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದು, ಎರಡೂ ಬದಿಯ ಡೆಡ್ ವ್ಯಾಕ್ಸ್ ಫೋಟೋ ತೆಗೆದು ಕಳಿಸಿ ಎಂದ. ಎರಡು ದಿನಕ್ಕೆ ಫೋಟೋ ಬಂತು, ನನಗೂ ಫಾರ್ವರ್ಡ್ ಮಾಡಿದ. ದೊಡ್ಡದು ಮಾಡಿ ನೋಡಿದರೆ ಕಪ್ಪು ಪಟ್ಟಿಯ ಮೇಲೆ ಯಾರದೋ ಕೈಬರಹ, ಅಂಕಿ ಒಂದೊಂದಾಗಿ ಓದಲು ಬರುವಷ್ಟು ಸ್ಪಷ್ಟ. ಡಿಸ್ಕಾಗ್ಸ್‌ನ ದಾಖಲೆಗೆ ತಾಳೆಯಾಯಿತು. ಆದರೆ ಗುಣಮಟ್ಟದ ಜಾಗದಲ್ಲಿ ಬರೀ ‘ಗುಡ್’ ಎಂದಿದೆ. ಕೊಳ್ಳಲೋ ಬೇಡವೋ ಎಂದು ಅವನಿನ್ನೂ ಯೋಚಿಸುತ್ತಿದ್ದಾನೆ.